ಬಾಳಪ್ಪ ದೊಡ್ಡಪ್ಪ ಅವತ್ತು ಯಾಕೆ ಬರಲಿಲ್ಲ?

ಇದು ನಮ್ಮ ಮನೆಯದೇ ವಿಷಯ... ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ.

ನಮ್ಮಪ್ಪನ ಅಣ್ಣ ಬಾಳಪ್ಪ ಮಿಲಿಟರಿಯಲ್ಲಿದ್ದರು. ಕಾರ್ಗಿಲ್ ಯುದ್ಧದಲ್ಲಿ ವಾರಗಟ್ಟಲೆ ತೋಪು ಹಾರಿಸಿದವರು.

ರಿಟೈರ್ ಆದ ಮೇಲೆ ಬೆಳಗಾವಿಯ ಒಂದು ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಆದರು. ದೊಡ್ಡಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ... ಒಂದು ರೂಮಿನಲ್ಲಿ ಒಬ್ಬರೇ.

ಹಬ್ಬಕ್ಕೆ ಊರಿಗೆ ಬಂದರೆ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಏನು ಕೇಳಿದರೂ ಒಂದು ನಗು, ಅಷ್ಟೇ.

"ಮಿಲಿಟರಿ ಸೊಕ್ಕು" ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದೆವು... ನಾನೂ.

ಆರು ವರ್ಷದ ಹಿಂದೆ ಅಜ್ಜಿಗೆ ಸೀರಿಯಸ್ ಆಯಿತು. ಅಪ್ಪ ಫೋನ್ ಮಾಡಿ, "ಅಣ್ಣಾ, ಅವ್ವ ಉಳಿಯೂದಿಲ್ಲ, ಲಗೂನ ಬಾ" ಅಂತ ಅತ್ತರು.

ದೊಡ್ಡಪ್ಪ, "ಹೂಂ ತಮ್ಮಾ, ಆತು ಆತು. ಎಲ್ಲಾರ್ನೂ ಕೇಳೀನಂತ ಹೇಳು" ಅಂದು ಫೋನ್ ಇಟ್ಟುಬಿಟ್ಟರು!

ಸಂಜೆ ಅಜ್ಜಿ ಕಣ್ಣು ಮುಚ್ಚಿದಳು. ದೊಡ್ಡಪ್ಪ ಬರಲಿಲ್ಲ.

ಮರುದಿನ ಸಂಬಂಧಿಕರೊಬ್ಬರು ಅವರ ರೂಮಿಗೇ ಹೋಗಿ ಹೇಳಿದ ಮೇಲೆ ಓಡೋಡಿ ಬಂದರು... ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

"ಇವತ್ತಿಂದ ನನಗ ಅಣ್ಣ ಇಲ್ಲ." ಎಲ್ಲರೆದುರೇ ಅಪ್ಪ ಅಂದರು. ದೊಡ್ಡಪ್ಪ ಬಂದ ದಾರಿಯಲ್ಲೇ ಹೊರಟುಹೋದರು.

ಈ ವರ್ಷ ನನ್ನ ಮದುವೆ ಗೊತ್ತಾಯಿತು. ಮನಸ್ಸು ತಡೆಯಲಿಲ್ಲ... ಅಪ್ಪನಿಗೆ ಹೇಳದೆ ಆ ಕಾಲೇಜಿಗೆ ಹೋದೆ.

ಗೇಟಿನಲ್ಲಿ ದೊಡ್ಡಪ್ಪ ಬೆನ್ನು ತಿರುಗಿಸಿ ನಿಂತಿದ್ದರು. ಮೂರು ಸಲ ಕರೆದೆ. ತಿರುಗಲೇ ಇಲ್ಲ. ಸಿಟ್ಟು ಬಂದು ಎದುರಿಗೆ ಹೋಗಿ ನಿಂತೆ.

"ಮಗಳ! ಯಾವಾಗ ಬಂದಿ?" ಮುಖ ಅರಳಿತು... ಕಣ್ಣು ಮಾತ್ರ ನನ್ನ ತುಟಿಯ ಮೇಲೇ ಇತ್ತು.

ಏನೋ ಅನುಮಾನ... ಕೈಯಿಂದ ಬಾಯಿ ಮರೆಮಾಡಿಕೊಂಡು ಕೇಳಿದೆ. "ದೊಡ್ಡಪ್ಪಾ, ಅಜ್ಜಿ ಸತ್ತಾಗ ಯಾಕ ಬರಲಿಲ್ಲ?"

ಅವರು ನಗುತ್ತಲೇ ಅಂದರು. "ಹೂಂ ಮಗಳ, ಆತು ಆತು."

ಕೈ ತೆಗೆದು ಅದನ್ನೇ ಮತ್ತೆ ಕೇಳಿದೆ. ನನ್ನ ಕಣ್ಣಲ್ಲಿ ನೀರು ನೋಡಿ ದೊಡ್ಡಪ್ಪ ತಲೆ ತಗ್ಗಿಸಿದರು.

"ತೋಪಿನ ಸಪ್ಪಳಕ್ಕ ಒಂದ ಕಿವಿ ಅಲ್ಲೇ ಹೋತವಾ. ಇನ್ನೊಂದು ಬರಬರತ ಹೋತು. ಕಿವುಡ ಅಂದ್ರ ಗೇಟಿಗೆ ಯಾರ ಇಟ್ಕೋತಾರ? ಅವತ್ತ ಫೋನಿನ್ಯಾಗ ತಮ್ಮನ ದನಿ ಬರೇ ಗುಂಯ್ ಅಂತಿತ್ತು... ಹಬ್ಬಕ್ಕ ಕರಿಯಾಕತ್ತಾನ ಅಂದ್ಕೊಂಡೆ."

"ಅಪ್ಪಗ ಯಾಕ ಹೇಳಲಿಲ್ಲ?" ಬಾಯಿ ಕಾಣುವಂತೆಯೇ ಕೇಳಿದೆ.

"ಅವ್ವನ ಮಾರಿ ನೋಡಲಿಲ್ಲ ಅನ್ನೂದು ಖರೇನ ಅಲ್ಲೇನವಾ? ಕಿವಿ ಹೋಗಿತ್ತು ಅಂದ್ರ ಅದು ಸುಳ್ಳ ಅಕ್ಕೈತೇನು?"

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ತಟ್ಟೆ ಬಿಟ್ಟು ಎದ್ದರು. ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು.

ಗೇಟು ಕಂಡದ್ದೇ ಅಪ್ಪ ಓಡಿದರು. ಅಣ್ಣನ ಬೆನ್ನ ಹಿಂದೆ ನಿಂತು, "ತಪ್ಪಾತೋ ಅಣ್ಣಾ... ತಪ್ಪಾತು..." ಅಂತ ಅತ್ತರು.

ದೊಡ್ಡಪ್ಪ ರಸ್ತೆಯನ್ನೇ ನೋಡುತ್ತಿದ್ದರು.

ಆಮೇಲೆ ಅಪ್ಪ ನಿಧಾನಕ್ಕೆ ಮುಂದೆ ಬಂದು, ಅವರ ಎರಡೂ ಕೈ ಹಿಡಿದುಕೊಂಡರು.

ದೊಡ್ಡಪ್ಪ ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು. "ತಮ್ಮಾ... ಅವ್ವ ಕೊನೀಗೆ ಏನಂದ್ಲು?"

ಅಪ್ಪ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಬಾಳ್ಯಾ ಉಂಡಾನೇನು, ಅಂತ ಕೇಳಿದ್ಲು."

ದೊಡ್ಡಪ್ಪ ತಮ್ಮನ ಬಾಯಿಯನ್ನೇ ನೋಡುತ್ತಾ ಅಂದರು...

"ಇನ್ನೊಮ್ಮೆ ಹೇಳು."

ಅಪ್ಪ ಹೇಳುತ್ತಲೇ ಇದ್ದರು... ದೊಡ್ಡಪ್ಪ ನೋಡುತ್ತಲೇ ಇದ್ದರು.


*ಉತ್ತರ ಕೊಡದವರೆಲ್ಲ ಸೊಕ್ಕಿನವರಲ್ಲ... ಕೆಲವರಿಗೆ ನಮ್ಮ ಮಾತು ತಲುಪಿಯೇ ಇರುವುದಿಲ್ಲ.*

ನೀವು ಮಾತು ಬಿಟ್ಟವರ ಎದುರು ನಿಂತು, ಒಮ್ಮೆಯಾದರೂ ಕಾರಣ ಕೇಳಿದ್ದೀರಾ?