ಗಾಜಿನಲ್ಲಿ ಕಂಡ ಪೇಟೆ

ಕ್ಯಾಮೆರಾ ಹಿಡಿದು ಪೇಟೆ ಸುತ್ತುತ್ತಿದ್ದ ಅವಳು ಬಳೆ ಅಂಗಡಿಯ ಗಾಜಿನ ಫೋಟೋ ತೆಗೆದಳು. ಮುಂದೆ ಬೇಕರಿಯ ಗಾಜು, ಆಮೇಲೆ ಕ್ಷೌರದಂಗಡಿಯ ಕನ್ನಡಿ. ಬಸ್ ನಿಲ್ದಾಣದಿಂದಲೂ ಬೆನ್ನು ಬಿಡದೆ ಬರುತ್ತಿದ್ದ ಗಂಡಸು ಈಗ ಮೈಗೆ ತಾಗುವಷ್ಟು ಹತ್ತಿರ ಬಂದ.

"ಒಬ್ರೇ ಓಡಾಡ್ತಿದೀರಲ್ಲ ಮೇಡಂ, ಭಯ ಆಗಲ್ವಾ?"

"ಯಾಕೆ ಆಗ್ಬೇಕು?"

"ಬರೀ ಗಾಜೇ ತೆಗೀತಿದೀರಾ. ನಂದೂ ಒಂದು ತೆಗೀರಿ."

"ತೆಗೆದಾಯ್ತಲ್ಲ, ನೋಡಿ."

ಅವಳು ಕ್ಯಾಮೆರಾದ ಪರದೆಯನ್ನು ಅವನತ್ತ ತಿರುಗಿಸಿದಳು. ಪ್ರತಿ ಗಾಜಿನಲ್ಲೂ ಅವಳ ಹೆಗಲ ಹಿಂದೆ ಅವನದೇ ಮುಖವಿತ್ತು.

"ಅಳಿಸ್ರೀ ಅದನ್ನ!"

"ಅಳಿಸಲ್ಲ. ಪೊಲೀಸ್ ಸ್ಟೇಷನ್ನಲ್ಲಿ ತೋರಿಸ್ಬೇಕು."

ಅವನು ತಿರುಗಿ ಸರಸರನೆ ನಡೆದ. ಅವಳು ಕ್ಯಾಮೆರಾ ಎತ್ತಿಕೊಂಡು ಅವನ ಬೆನ್ನು ಹತ್ತಿದಳು.

"ಒಬ್ರೇ ಹೊರಟ್ರಲ್ಲ ಸಾರ್, ಭಯ ಆಗಲ್ವಾ?"