ನೆರಳುಗಳ ಧರಣಿ

“ನೆರಳಿಗೆ ಸಿಟ್ಟು ಬರತೈತೇನ?” ಓಟದ ಗೆರೆಯ ಮೇಲೆ ನಿಂತ ಜೂಲಿಯಾನಾ ಸಿದ್ದಿ ಯಾರನ್ನೂ ಉದ್ದೇಶಿಸದೆ ಕೇಳಿದಳು.

ಕಪ್ಪಗಿದ್ದಾಳೆಂದು ಗೆಳತಿ ಮೇರಿಯನ್ನು ಹಾಸ್ಟೆಲಿನ ಊಟದ ಪಂಕ್ತಿಯಿಂದ ಎಬ್ಬಿಸಿದ್ದಕ್ಕೆ ಓಟಗಾರ್ತಿಯರು ಧರಣಿ ಹೂಡಿದ್ದರು. ಧರಣಿಗೆ ನೆರಳು ಕೂತರೆ ಸಾಕೆಂದು ಕಾಲೇಜು ಎಂದಿನಂತೆ ಉದಾರವಾಗಿ ಗೋದಾಮಿನ ಹಿಂದೆ ನೆರಳುಗಳಿಗೊಂದು ಶಾಮಿಯಾನ ಹಾಕಿಸಿತ್ತು. ಉಳಿದವರು ನೆರಳು ಕಳಚಿ ಧರಣಿಗೆ ಕಳಿಸಿ, ತಾವು ಓಟಕ್ಕೆ ಬಂದಿದ್ದರು.

ಪ್ರಿನ್ಸಿಪಾಲರು ಕೈಚಾಚಿದರು. “ನಿಂದೂ ಕೊಡವಾ. ಅದು ಬೇಕಾದಷ್ಟು ಹೊತ್ತು ಕೂತಿರ್ಲಿ, ನೀ ಕಪ್ ತಾ. ನೆರಳು ಎಲ್ಲಾರದೂ ಕರ್ರಗ ಇರತೈತಿ, ನಮ್ಮಲ್ಲಿ ಭೇದ ಎಲ್ಲೈತಿ? ಓಡಲಿಲ್ಲಂದ್ರ ಹಾಸ್ಟೆಲ್ ಸೀಟು ಹೊಕ್ಕೈತಿ ನೋಡು.”

ಶಾಮಿಯಾನದ ಕಡೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಜೂಲಿಯಾನಾ ಬೂಟು ಬಿಚ್ಚಿ ಗೆರೆಯ ಮೇಲೇ ಕುಳಿತಳು.

“ಕೊಡೂದಿಲ್ರಿ ಸರ. ನಾನೂ ನನ್ನ ನೆರಳೂ ಇಲ್ಲೇ ಕೂಡ್ತೇವಿ.”