ಅಂಗೈ ಮೇಲಿನ ಅಕ್ಷರ

ಕಾಲೇಜಿನ ಪ್ರಯೋಗಾಲಯದಿಂದ ಬಂದ ಮಗಳ ಬೆರಳಲ್ಲಿ ಇವತ್ತು ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ಕಂಡೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಅಕ್ಕ ವಿದ್ಯಾಗಿರಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಒಂದು ಮಧ್ಯಾಹ್ನ ಸಣ್ಣ ಶೀಶೆಯಲ್ಲಿ ಆ ದ್ರಾವಣ ತಂದು, ಬೆವರಿದ ನನ್ನ ಅಂಗೈ ಮೇಲೆ ಕಡ್ಡಿಯಿಂದ ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಏನೂ ಕಾಣಲಿಲ್ಲ.

"ಬಿಸಲಾಗ ಹಿಡಿ. ನಿನ್ನ ಬೆವರಿನ ಉಪ್ಪಿನಾಗ ಕ್ಲೋರೈಡ್ ಐತಿ, ಅದು ಈ ಬೆಳ್ಳಿನ್ನ ಹಿಡಕೊಳ್ತೈತಿ" ಎಂದಳು. ನೋಟುಬುಕ್ಕಿನಲ್ಲಿ ಸಮೀಕರಣ ಬರೆದು, ಎರಡೂ ಬದಿಯ ಸೋಡಿಯಂ, ನೈಟ್ರೇಟುಗಳನ್ನು ಹೊಡೆದುಹಾಕಿದಳು. "ಇವು ಬರೇ ನಿಂತು ನೋಡ್ತಾವ."

ಹಾಸುಗಲ್ಲು ಕಾದಿದ್ದ ಅಂಗಳದಲ್ಲಿ ಅಕ್ಷರ ಮೆಲ್ಲಗೆ ಕಪ್ಪಾಯಿತು.

"ತೊಳದ್ರ ಹೋಗ್ತೈತೇನಕ್ಕಾ?"

"ಇಲ್ಲ. ಹದಿನೈದು ದಿನಕ್ಕ ಚರ್ಮದ ಜೋಡಿ ತಾನ ಹೋಗ್ತೈತಿ."

ಮೂರನೆಯ ದಿನ ಕುಳಗೇರಿ ಕ್ರಾಸಿನ ಬಳಿ ಅವಳಿದ್ದ ಟಂಟಂ ಗಾಡಿ ಉರುಳಿತು. ಅಕ್ಕನನ್ನು ಮಣ್ಣು ಮಾಡಿ ಬಂದವರೆಲ್ಲ ಕೈಕಾಲು ತೊಳೆದರು. ನಾನು ಮುಷ್ಟಿ ಬಿಚ್ಚಲಿಲ್ಲ. ಅವ್ವ ಅಳಲಿಲ್ಲ, ದಿನಾ ಬೆಳಿಗ್ಗೆ ನನ್ನ ಅಂಗೈ ಬಿಡಿಸಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅಲ್ಲಿ ಏನೂ ಇರಲಿಲ್ಲ.

"ತೊಳಕೊಂಡೇನ?" ಅವ್ವ ಕೇಳಿದಳು.

"ಇಲ್ಲವ್ವಾ, ತಾನ ಹೋತು."

ಅವ್ವ ಆ ಬರಿ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಮೊದಲ ಸಲ ಬಿಕ್ಕಿದಳು.